ಗುರಪ್ಪಣ್ಣನ ಆಪೂಸಿಗೆ ನನ್ನ ಹುಳಿಮಾವಿನ ತಲೆ

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ವರ್ಷ. ಹರಿದು ಹಂಚಿಹೋಗಿದ್ದ ಕನ್ನಡ ನಾಡೇ ಕೂಡಿಕೊಂಡಿರುವಾಗ ಎರಡು ಮಾವಿನ ಗಿಡ ಕೂಡಿಸುವುದು ಎಂಥ ದೊಡ್ಡ ಕೆಲಸ! ಮೂಡಲಗಿಯಲ್ಲಿ ಸಾಲಿ ಮಾಸ್ತರನಾಗಿದ್ದ ನಾನು ಕಸಿ ಕಟ್ಟಲು ನಿಶ್ಚಯಿಸಿದೆ. ಗೋಕಾಕದಲ್ಲಿ ಒಮ್ಮೆ ಕಸಿ ಕಟ್ಟುವುದನ್ನು ಜನರಿಗೆ ತೋರಿಸಿದ್ದರು. ನನ್ನ ಮುಂದೆ ತಲೆಗೆ ದೊಡ್ಡ ಪಟಗಾ ಸುತ್ತಿದವರೊಬ್ಬರು ನಿಂತಿದ್ದರಿಂದ ಅರ್ಧ ಮಾತ್ರ ಕಂಡಿತ್ತು. ಉಳಿದರ್ಧಕ್ಕೆ ನನ್ನ ಬುದ್ಧಿ ಸಾಕು ಎಂದುಕೊಂಡೆ.

ಬಾಜೂಮನೆಯ ಗುರಪ್ಪಣ್ಣನ ಹಿತ್ತಲಲ್ಲಿ ಒಳ್ಳೆಯ ಆಪೂಸ್ ಮರವಿತ್ತು. ಅದರ ಟೊಂಗೆಯನ್ನು ನನ್ನ ಸಸಿಗೆ ಕೂಡಿಸಿದರೆ ಬೇರು ನನ್ನದು, ಹಣ್ಣು ಆಪೂಸಿನದು. ಬೇರಿಗೆಂದು ನಾನು ಆರಿಸಿದ್ದು ಸಾಲಿಯ ಹಿಂದಿನ ಮರದ ಗೊರಟೆಯಿಂದ ಎದ್ದ ಸಸಿ. ಆ ಮರಕ್ಕೆ ಹುಡುಗರು ಕಲ್ಲು ಕೂಡ ಹೊಡೆಯುತ್ತಿರಲಿಲ್ಲ, ಅಷ್ಟು ಹುಳಿ.

"ಬ್ಯಾರೆ ಸಸಿ ಸಿಗಲಿಲ್ಲೇನ್ರಿ ಮಾಸ್ತರ?" ಎಂದು ಗುರಪ್ಪಣ್ಣನ ಹೆಂಡತಿ ನೀಲವ್ವ ವೈನಿ ಮುಖ ಕಿವುಚಿದರು.

"ಹುಳಿ ಗಿಡದ ಬೇರು ಗಟ್ಟಿ ಇರತಾವರಿ ವೈನಿ" ಎಂದು ನಾನು ಸಾಲಿಯಲ್ಲಿ ಪಾಠ ಹೇಳುವ ದನಿಯಲ್ಲಿ ಹೇಳಿದೆ. ಯಾರು ನನಗೆ ಹಾಗೆ ಹೇಳಿದ್ದರೋ ದೇವರೇ ಬಲ್ಲ.

ಸಸಿಯ ಕುಂಡವನ್ನು ಆಪೂಸ್ ಟೊಂಗೆಯ ಬಳಿ ಕಲ್ಲುಗಳ ಮೇಲಿಟ್ಟು, ಎರಡರ ಸಿಪ್ಪೆ ಹೆರೆದು, ಒಂದಕ್ಕೊಂದು ಒತ್ತಿ, ಬಾಳೆನಾರಿನಿಂದ ಬಿಗಿದು ಸಗಣಿ ಮೆತ್ತಿದೆ. ಕುಂಡಕ್ಕೆ ದಿನಾಲು ನೀರು ಹಾಕಬೇಕು. ಹಾಗಾಗಿ ದಿನಾಲು ಮುಂಜಾನೆ ತಂಬಿಗೆ ಹಿಡಿದು ಅವರ ಹಿತ್ತಲಿಗೆ ಹೋದೆ.

"ಬರ್ರಿ ಮಾಸ್ತರ, ಚಾ ಆಗೇತಿ" ಎನ್ನುತ್ತಿದ್ದರು ವೈನಿ.

ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸಾಲಿಯಲ್ಲಿ ದಿನವಿಡೀ ಕಿರುಚಿ ಮನೆಗೆ ಬಂದರೆ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಬೈಯುವವರೂ ಇರಲಿಲ್ಲ. ಆ ಮನೆಯ ಚಹಾ, ಗುರಪ್ಪಣ್ಣನ ಎಮ್ಮೆಯ ಸುದ್ದಿ, ವೈನಿಯ ಮೊಣಕಾಲು ನೋವಿನ ಸುದ್ದಿ, ಎಲ್ಲವೂ ನನಗೆ ಬೇಕಾಗಿದ್ದವು.

ಎರಡೂ ಗಿಡ ಚೆನ್ನಾಗಿ ಕೂಡಿಕೊಂಡವು. ಬೇಗ ಕೂಡಿಕೊಂಡವು, ಅದೇ ನನ್ನ ಸಂಕಟ.

"ಇನ್ನ ಕತ್ತರಿಸಿ ಒಯ್ರಿ ಮಾಸ್ತರ" ಎಂದ ಗುರಪ್ಪಣ್ಣ.

"ಇನ್ನೂ ಎಳೇದೈತಿ ಅಣ್ಣಾ."

ಮುಂದಿನ ತಿಂಗಳೂ ಅದು ಎಳೆಯದೇ ಇತ್ತು. ಅದರ ಮುಂದಿನ ತಿಂಗಳೂ. ಕೊನೆಗೆ ಗುರಪ್ಪಣ್ಣ, "ಎಮ್ಮಿ ಈದೈತ್ರಿ, ಕರಾ ಕಟ್ಟಾಕ ಅದೇ ಜಾಗಾ ಬೇಕು" ಎಂದಾಗ ನನ್ನ ಬಳಿ ನೆವ ಉಳಿಯಲಿಲ್ಲ.

ಮರುದಿನ ಗಂಡ ಹೆಂಡತಿ ಇಬ್ಬರೂ ನೋಡಲು ನಿಂತರು. ನಾಳೆಯಿಂದ ಈ ಬಾಗಿಲಿಗೆ ಏನೆಂದು ಬರುವುದು ಎಂಬ ಯೋಚನೆಯಲ್ಲೇ ನಾನು ಚಾಕು ಹಿಡಿದೆ. ಗೋಕಾಕದಲ್ಲಿ ಪಟಗಾ ಅಡ್ಡ ಬಂದದ್ದು ಸರಿಯಾಗಿ ಈ ಘಟ್ಟದಲ್ಲೇ! ಆಪೂಸನ್ನು ಎರಡೂ ಕೂಡಿದ ಗಂಟಿನ ಕೆಳಗೆ ಕತ್ತರಿಸಬೇಕು, ಹುಳಿಯನ್ನು ಗಂಟಿನ ಮೇಲೆ. ನಾನು ಪೂರ್ಣ ಗಾಂಭೀರ್ಯದಿಂದ ಆಪೂಸನ್ನು ಮೇಲೆ, ಹುಳಿಯನ್ನು ಕೆಳಗೆ ಕತ್ತರಿಸಿದೆ.

ಕುಂಡ ಎತ್ತಿಕೊಂಡೆ. ಅದರಲ್ಲಿ ಗೇಣುದ್ದದ ಮೋಟು ಇತ್ತು. ನನ್ನ ಹುಳಿಮಾವಿನ ತಲೆ ಗುರಪ್ಪಣ್ಣನ ಆಪೂಸ್ ಟೊಂಗೆಯ ತುದಿಯಲ್ಲಿ ಹಸಿರಾಗಿ ಅಲುಗಾಡುತ್ತಿತ್ತು.

ವೈನಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದರು. ಗುರಪ್ಪಣ್ಣ ಮರ ನೋಡಿ, "ಇರಲಿ ಬಿಡ್ರಿ" ಎಂದ. ಬೈದಿದ್ದರೆ ಚಲೋ ಇತ್ತು. ಮರುದಿನ ಮುಂಜಾನೆ ರೂಢಿಯಂತೆ ತಂಬಿಗೆ ಹಿಡಿದು ಹೊಸ್ತಿಲು ದಾಟಿದವನು, ನೀರು ಹಾಕಲು ಏನೂ ಇಲ್ಲವೆಂದು ನೆನಪಾಗಿ ಒಳಗೆ ಬಂದು, ಆ ನೀರನ್ನು ನಾನೇ ಕುಡಿದೆ.

ಕೆಲವು ವರ್ಷಗಳ ಮೇಲೆ ಆ ಟೊಂಗೆ ಕಾಯಿ ಬಿಟ್ಟಿತು. ಗೋಡೆಯಾಚೆಯಿಂದ ವೈನಿ ಕೂಗಿದರು: "ಮಾಸ್ತರ, ನಿಮ್ಮ ಹುಳಿ ಕಾಯಿ ಒಯ್ಯಾಕ ಬರ್ರಿ. ಇಲ್ಲಿ ಯಾರೂ ತಿನ್ನಂಗಿಲ್ಲ. ಉಪ್ಪಿನಕಾಯಿ ಹಾಕ್ರಿ."

ಹೋದೆ. ಚಹಾ ಕುಡಿದೆ. ಉಪ್ಪಿನಕಾಯಿ ಹಾಕುವುದು ಹೇಗೆಂದು ಕೇಳಿದೆ. ಉಪ್ಪೆಷ್ಟು, ಖಾರವೆಷ್ಟು ಎಂದು ಅವರು ನಿಧಾನವಾಗಿ ಹೇಳಿಕೊಟ್ಟರು. ಅಂದಿನಿಂದ ಪ್ರತಿ ವರ್ಷ ಕೇಳುತ್ತೇನೆ, ಪ್ರತಿ ವರ್ಷ ಹೇಳಿಕೊಡುತ್ತಾರೆ. ಮಾಸ್ತರನಾಗಿ ಇಷ್ಟು ದಡ್ಡ ವಿದ್ಯಾರ್ಥಿಯನ್ನು ನಾನು ನನ್ನ ವರ್ಗದಲ್ಲೂ ಕಂಡಿಲ್ಲ.