ಹತ್ತು ಠಾಣಿಗೆ ಒಂದ ಚಾನಲ್

ಪೊಲೀಸ್ ವಾಯರ್‌ಲೆಸ್ ಮುಂದ ಕುಂತವ ನಗಾಕ ಎಲ್ಲೂ ಹುಡುಕ್ಯಾಡಬೇಕಾಗಿಲ್ಲ, ನಗಿ ತಾನ ಕಿವಿಗೆ ಬಂದು ಬೀಳ್ತದ. ಎಂಬತ್ತರ ದಶಕದಾಗ ನಾ ನವಲಗುಂದದ ಕಡೆ ಒಂದು ಠಾಣ್ಯಾಗ ಆಪರೇಟರ್ ಇದ್ದೆ. ಆ ವರ್ಷ ಮಳಿಗಾಲದಾಗ ನನ್ನ ಹೆಂಡತಿ ಬಾಣಂತನಕ್ಕ ತವರುಮನಿ ಸಂಶಿಗೆ ಹೋಗಿದ್ಲು. ಮೊದಲನೇ ಕೂಸು ನಮಗ ಉಳಿದಿರಲಿಲ್ಲ. ಹಿಂಗಾಗಿ ನಾ ಕುಂತದ್ದು ಇಲ್ಲಿ, ಜೀವ ಮಾತ್ರ ಸಂಶ್ಯಾಗ.

೧. ಚಹಾ ಆತೇನ್ರಿ?

ಹತ್ತು ಠಾಣಿಗೆ ಕೂಡಿ ಇದ್ದದ್ದು ಒಂದ ಚಾನಲ್. ಮೈಕಿನ ಗುಂಡಿ ಒತ್ತಿದವ ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಅವ "ಓವರ್" ಅಂದು ಗುಂಡಿ ಬಿಟ್ಟ ಮ್ಯಾಲೆ ಮುಂದಿನವನ ಪಾಳಿ. ಕಾಯ್ದೆ ಅಗದಿ ಸರಳ. ಆದ್ರ ನಮ್ಮ ಮಂದಿಗೆ ಕ್ಷೇಮ ಕೇಳದ ಮಾತು ಸುರು ಮಾಡಿ ರೂಢಿ ಎಲ್ಲೈತಿ?

ಒಂದು ಮುಂಜಾನೆ ಒಬ್ಬ ಆಪರೇಟರ್ ಜೋಡೆತ್ತು ಕಳುವಾದ ಸುದ್ದಿ ಹೇಳಾಕ ಬಂದ. ಮೊದಲ ಒಂದೊಂದ ಠಾಣಿಗೆ "ಚಹಾ ಆತೇನ್ರಿ? ಓವರ್." ಅವರು "ಆತ್ರಿ, ನಿಮ್ಮದ್ರಿ? ಓವರ್." ಕಂಟ್ರೋಲ್ ರೂಮಿನ ಸಾಹೇಬ್ರು, "ಸರಕಾರಿ ಮಾತಷ್ಟ ಆಡ್ರಿ!" ಅಂತ ಒದರಿದ್ರು. ಅಷ್ಟರಾಗ ಎತ್ತು ತಾವ ಮನಿಗೆ ಬಂದು ಗ್ವಾದಲ್ಯಾಗ ಮೇವು ತಿನ್ನಾಕ ಹತ್ತಿದ್ದವು.

೨. ಡಬ್ಬಿ ಗುಂಡಿ ಮ್ಯಾಲೆ

ಸಂಶಿ ಬಾಜೂದ ಠಾಣ್ಯಾಗ ಒಬ್ಬ ಹಿರಿಯ ಆಪರೇಟರ್ ಇದ್ದ. ಎಲ್ಲಾರೂ ಅವಗ ಚಾಚಾ ಅಂತಿದ್ವಿ. ನನ್ನ ಹೆಂಡತಿ ಬಾಣಂತನಕ್ಕ ಸಂಶಿಗೆ ಬಂದದ್ದು ಅವಗ ಗೊತ್ತಿತ್ತು. ಒಂದಿನ ಮಧ್ಯಾಹ್ನ ಚಾಚಾ ಊಟದ ಡಬ್ಬಿ ಒಯ್ದು ಮೈಕಿನ ಗುಂಡಿ ಮ್ಯಾಲೆ ಇಟ್ಟುಬಿಟ್ಟ. ಸುರುವಾತು ನೋಡ್ರಿ! ರೊಟ್ಟಿ ಮುರಿಯೂ ಸಪ್ಪಳ ಹತ್ತೂ ಠಾಣಿಗೆ. ಜೋಡಿ ಉಣ್ಣಾಕ ಕುಂತವನ ಮುಂದ, "ಸಾಹೇಬ್ರಿಗೆ ಬೈಯೂದು ಬಿಟ್ರ ಬ್ಯಾರೆ ಉದ್ಯೋಗ ಇಲ್ಲ ನೋಡಪಾ" ಅಂದದ್ದೂ ಹತ್ತೂ ಠಾಣಿಗೆ.

ಸಾಹೇಬ್ರು ಬೈಬೇಕಂದ್ರ ಚಾಚಾ ಗುಂಡಿ ಬಿಡಬೇಕಲ್ಲ! ಅಲ್ಲೀತನಕ ಅವಗ ಯಾರ ಮಾತೂ ಕೇಳೂದಿಲ್ಲ. ಆ ಠಾಣಿ ಫೋನೂ ಸತ್ತಿತ್ತು. ಕಡೀಗೆ ಬಸ್ ಕಂಡಕ್ಟರ್ ಕೈಯಾಗ ಚೀಟಿ ಕೊಟ್ಟು ಕಳಿಸಿದ್ರು. ಡಬ್ಬಿ ಎತ್ತಿದ ಕೂಡ್ಲೆ ಸಾಹೇಬ್ರು, "ಏನಂದಿ ನನಗ? ಓವರ್!" ಅಂದ್ರು.

"ನೀವು ಕೇಳಾಕ ಹತ್ತೀರಿ ಅಂತ ಗೊತ್ತಿದ್ರ ಚಲೋ ಮಾತಾಡ್ತಿದ್ದೆ ಬಿಡ್ರಿ ಸಾಹೇಬ್ರ. ಓವರ್."

೩. ಹದ್ದಿನೊಳಗ ಹೊಸಬರು

ಹೆಂಡತಿಗೆ ದಿನ ತುಂಬಿದ ಹೊತ್ತಿಗೆ ಮಳಿ ಹಿಡೀತು. ಹಳ್ಳ ಬಂದು ಬಸ್ಸು ನಿಂತವು, ಫೋನಿನ ತಂತಿ ಹರೀತು. ಸಂಶಿಯಿಂದ ಎರಡು ದಿನ ಒಂದ ಅಕ್ಷರ ಸುದ್ದಿ ಇಲ್ಲ. ಮನಿ ಮಾತು ಚಾನಲ್‌ನ್ಯಾಗ ಕೇಳೂಹಂಗಿಲ್ಲ.

ಮೂರನೇ ದಿನ ಮುಂಜಾನೆ ಚಾಚಾನ ದನಿ ಬಂತು. "ಸರಕಾರಿ ಸುದ್ದಿ, ಅರ್ಜೆಂಟ್! ನಮ್ಮ ಠಾಣಿ ಹದ್ದಿನೊಳಗ ಹೊಸಬರೊಬ್ಬರು ದಾಖಲ್ ಆಗ್ಯಾರ. ಕೈಯಾಗ ಸಾಮಾನಿಲ್ಲ, ಮೈಮ್ಯಾಲೆ ಅರಿವಿ ಇಲ್ಲ. ನವಲಗುಂದದ ಕಡೆ ಆಪರೇಟರ್ ತಮ್ಮ ತಂದಿ ಅಂತಾರ. ತಾಯಿ ಆರಾಮ, ಅವರೂ ಆರಾಮ. ಓವರ್."

"ಯಾವ ಕೂಸು ಚಾಚಾ?" ಅಂತ ಗುಂಡಿ ಒತ್ತಿ ಒದರಿದೆ. ಅದ ಹೊತ್ತಿಗೆ ಉಳಿದ ಎಂಟೂ ಠಾಣಿಯವರು ಶುಭಾಶಯ ಹೇಳಾಕ ಗುಂಡಿ ಒತ್ತಿದ್ರು. ಬರೇ ಕಿರ್ರ್ ಅಂತ ಸಪ್ಪಳ. ಎಲ್ಲಾರೂ ಬಿಟ್ಟು ಮತ್ತ ಎಲ್ಲಾರೂ ಒತ್ತಿದ್ರು. ಮತ್ತ ಕಿರ್ರ್! ಹೆಣ್ಣೋ ಗಂಡೋ ಗೊತ್ತಾಗದ ನಾ ಕುರ್ಚಿ ಮ್ಯಾಲೆ ಎದ್ದು ನಿಂತಿದ್ದೆ.

ಕಡೀಗೆ ಸಾಹೇಬ್ರ ದನಿ ಬಂತು. "ಎಲ್ಲಾರೂ ಗುಂಡಿ ಬಿಡ್ರಿ! ಇವತ್ತ ಸರಕಾರಿ ಕೆಲಸ ಇದ ಒಂದ. ಚಾಚಾ, ನೀವು ಹೇಳ್ರಿ."

"ಹೆಣ್ಣು ಕೂಸ್ರಿ. ನಾನ ಸೈಕಲ್ ಮ್ಯಾಲೆ ಹೋಗಿ ನೋಡಿ ಬಂದೇನಿ. ಓವರ್."

ಅಂಥಾ ಮಳ್ಯಾಗ, ಆ ಎರಿ ಮಣ್ಣಿನ ರಾಡ್ಯಾಗ, ಆ ವಯಸ್ಸಿನ್ಯಾಗ! ಸೈಕಲ್ ಮ್ಯಾಲೆ ಅವ ಹೋಗಿದ್ದಕ್ಕಿಂತ ಸೈಕಲ್ ಅವನ ಹೆಗಲ ಮ್ಯಾಲೆ ಹೋಗಿದ್ದ ಜಾಸ್ತಿ ಅಂತ ಆಮ್ಯಾಲೆ ಗೊತ್ತಾತು. ಇವತ್ತಿಗೂ ಆ ಮನಿಷ್ಯಾನ ನೆನಸಿದ್ರ ಕೈ ತಾವ ಮುಗೀತಾವ. ಅವತ್ತ "ಚಾಚಾ..." ಅಂದೆ, ಗುಂಡಿ ಒತ್ತಿಕೊಂಡ ಅತ್ತುಬಿಟ್ಟೆ.

ಗುಂಡಿ ಬಿಟ್ಟ ಮ್ಯಾಲೆ ಚಾಚಾನ ಹೇಳಿದ: "ಅಳಬ್ಯಾಡೋ ತಮ್ಮಾ, ಚಾನಲ್ ಖಾಲಿ ಬಿಡು. ಮಗಳು ಅಳೂದ್ರಾಗ ನಿನಗಿಂತ ಜೋರ ಅದಾಳ. ನಾ ತಾಸೊತ್ತು ಅಲ್ಲೇ ಕುಂತಿದ್ದೆ. ಆಕಿ ಒಮ್ಮಿನೂ ಓವರ್ ಅನ್ನಲಿಲ್ಲ!"