ಬಾಗಿಲಡಿ ತೂರುವ ಕಂಪ್ಯೂಟರು

ಮನೆಬಳಕೆಯ ಕಂಪ್ಯೂಟರು ಎಷ್ಟು ತೆಳ್ಳಗಿರಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ನಿರ್ದೇಶಕರ ಕೋಣೆಯ ಬಾಗಿಲಿಗೆ ಸೇರಿದ್ದು. ಸಂಸ್ಥೆಯಲ್ಲಿ ಈ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ವರ್ಷಕ್ಕೊಮ್ಮೆ ಹೊಸ ಮಾದರಿಯನ್ನು ಮುಚ್ಚಿದ ಬಾಗಿಲ ಅಡಿಯಿಂದ ಒಳಕ್ಕೆ ತಳ್ಳಬೇಕು. ತೂರಿದರೆ ಮಂಜೂರು. ತೂರದಿದ್ದರೆ ಇನ್ನಷ್ಟು ಕೆತ್ತಿಕೊಂಡು ಬರಬೇಕು. ಇದಕ್ಕೆ ತೂರುಪರೀಕ್ಷೆ ಎಂದು ಹೆಸರು.

ಈ ಪದ್ಧತಿ ಆಕಾಶದಿಂದ ಉದುರಿದ್ದಲ್ಲ. ನಿರ್ದೇಶಕರ ಕೋಣೆಗೆ ಮೊದಲು ದಪ್ಪನೆಯ ಜಮಖಾನೆ ಹಾಸಿದ್ದರು. ಬಾಗಿಲು ಅದಕ್ಕೆ ತಗಲುತ್ತದೆಂದು ಬಡಗಿ ಅಡಿಯಲ್ಲಿ ಒಂದಿಷ್ಟು ಕೊಯ್ದುಹಾಕಿದ. ಆಮೇಲೆ ಧೂಳಿಗೆ ಸೀನು ಬರುತ್ತದೆಂದು ಜಮಖಾನೆ ತೆಗೆಸಿದರು. ಜಮಖಾನೆ ಹೋಯಿತು, ಸಂದು ಉಳಿಯಿತು. ನಿರ್ದೇಶಕರಿಗೆ ಬಾಗಿಲು ತೆರೆಯುವುದೆಂದರೆ ಆಗದು, ತೆರೆದರೆ ಯಾರಾದರೂ ಒಳಗೆ ಬರುತ್ತಾರೆ, ಬಂದವರು ಸಂಬಳ ಹೆಚ್ಚಿಸಿ ಅನ್ನುತ್ತಾರೆ. ಹಾಗಾಗಿ ಸಹಿಗೆ ಹೋಗುವುದೆಲ್ಲ ಆ ಸಂದಿನಿಂದಲೇ ಒಳಗೆ ಹೋಗಿ, ಅದರಿಂದಲೇ ಹೊರಗೆ ಬರುವ ರೂಢಿಯಾಯಿತು.

ಸಂಸ್ಥೆಯ ಮೊದಲ ಡೆಸ್ಕ್‌ಟಾಪ್ ಈ ರೂಢಿಗಿಂತ ಹಿಂದಿನದು. ಹೆಸರು ಮನೆಸಂಗಾತಿ; ಮುಂದೆ ಬಂದ ಮಾದರಿಗಳಿಗೆಲ್ಲ ಅದೇ ಹೆಸರು ಉಳಿಯಿತು. ಹೊರಲು ಇಬ್ಬರು ಬೇಕು, ಇಟ್ಟ ಮೇಜು ಕಿರುಗುಟ್ಟಬೇಕು. "ಒಮ್ಮೆ ಕೊಂಡರೆ ಮುಗಿಯಿತು" ಎಂದು ಜಾಹೀರಾತು ಕೊಟ್ಟಿದ್ದರು. ಜನ ಅದನ್ನು ನಂಬಿ ಒಮ್ಮೆ ಮಾತ್ರ ಕೊಂಡರು. ಜಾಹೀರಾತು ಬರೆದವರನ್ನು ತಕ್ಷಣವೇ ಉಗ್ರಾಣಕ್ಕೆ ವರ್ಗ ಮಾಡಲಾಯಿತು.

ಆಮೇಲೆ ಮೊದಲ ಲ್ಯಾಪ್‌ಟಾಪ್ ಬಂತು. ಸಹಿಗೆ ಬಂದದ್ದೆಲ್ಲ ಹೋಗುವ ಹಾಗೆ ಅದೂ ಬಾಗಿಲ ಅಡಿಯಿಂದಲೇ ಹೋಯಿತು, ಅಳತೆ ತೆಗೆದು ಮಾಡಿದ ಹಾಗೆ ಸರಕ್ಕನೆ ಹೋಯಿತು. ಒಳಗಿನಿಂದ "ಇದು ಸರಿ" ಎಂಬ ಧ್ವನಿ ಬಂತು. ಸಂಸ್ಥೆಗೆ ಅಷ್ಟೇ ಸಾಕಾಗಿತ್ತು. ಮರುವರ್ಷ ಅದೇ ದಪ್ಪದ ಮಾದರಿ ತಂದರೆ ಕೊಂಚ ಸಿಕ್ಕಿಕೊಂಡಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಕಾಲ ಮುಂದೆ ಹೋಗುತ್ತಿದೆ, ನಾವು ಹಿಂದೆ ಬಿದ್ದಿದ್ದೇವೆ ಎಂದು ಎಲ್ಲರೂ ಒಪ್ಪಿ, ಸಿ.ಡಿ. ಹಾಕುವ ಬಾಯನ್ನು ಕಿತ್ತುಹಾಕಿದರು. ಅದರ ಮುಂದಿನ ವರ್ಷ ಮತ್ತೆ ಸಿಕ್ಕಿಕೊಂಡಿತು. ವಯರು ಚುಚ್ಚುವ ತೂತುಗಳು ಹೋದವು. ಬಳಿಕ ತೆಗೆದು ಹಾಕಬಹುದಾಗಿದ್ದ ಬ್ಯಾಟರಿ ಹೋಯಿತು. ಕೀಗಳನ್ನು ಒತ್ತಿ ಒತ್ತಿ ಬಿಲ್ಲೆ ಮಾಡಿದರು. ಡೆಸ್ಕ್‌ಟಾಪಿನ ಡಬ್ಬವನ್ನು ಅಡ್ಡ ಮಲಗಿಸಿ ನೋಡಿದರು, ಆಗಲಿಲ್ಲ. ಕೊನೆಗೆ ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ಪರದೆಯ ಬೆನ್ನಿಗೆ ಅಂಟಿಸಿ ತೂರಿಸಿದರು. ಅದು ನಿಲ್ಲುವ ಕಾಲು ಮಾತ್ರ ತೂರಲಿಲ್ಲ. ಕಾಲನ್ನು ಬೇರೆಯಾಗಿ ಮಾರಾಟಕ್ಕಿಟ್ಟರು.

ಹೀಗೆ ತೆಗೆದದ್ದು ಯಾವುದೂ ವ್ಯರ್ಥವಾಗದಂತೆ ನೋಡಿಕೊಳ್ಳಲು ಹೊರಗಿನ ಸಲಕರಣೆ ವಿಭಾಗ ಎಂಬುದೊಂದು ಹುಟ್ಟಿತು. ಅದರ ಮುಖ್ಯಸ್ಥರನ್ನು ಎಲ್ಲರೂ ಅಡಾಪ್ಟರ್ ಮೇಡಂ ಅನ್ನುತ್ತಿದ್ದರು. ತುಂಬ ಮೃದು ಸ್ವಭಾವದವರು. ಒಳಗಿಂದ ಕಿತ್ತದ್ದನ್ನು ಅವರು ಡಬ್ಬಿಯಲ್ಲಿಟ್ಟು, ಮೇಲೊಂದು ಹೂವಿನ ಚಿತ್ರ ಹಾಕಿ, ಹೊರಗಿಂದ ಮಾರುತ್ತಿದ್ದರು. ಮೊದಲು ಅವರಿಗಿದ್ದದ್ದು ಒಂದು ಕಪಾಟು; ಈಗ ಕಟ್ಟಡದ ಒಂದು ಇಡೀ ಅಂತಸ್ತು. ಲ್ಯಾಪ್‌ಟಾಪ್ ತೆಳ್ಳಗಾದಷ್ಟೂ ಅದರ ಚೀಲ ಬಸುರಿಯ ಹಾಗೆ ಉಬ್ಬುತ್ತಾ ಬಂತು.

ಇಷ್ಟೆಲ್ಲ ಹೋದರೂ ಹೋಗದೆ ಉಳಿದದ್ದು ಕೀಲು. ಪರದೆಗೂ ಕೀಲಿಮಣೆಗೂ ನಡುವೆ ಇರುತ್ತದಲ್ಲ, ಅದು. ಅದನ್ನು ಮಾಡಿದವರು ಕೀಲು ವಿಭಾಗದ ಎಂಜಿನಿಯರೊಬ್ಬರು; ಎಲ್ಲರಿಗೂ ಅವರು ಕೀಲಿನವರು. ಸಂಸ್ಥೆಯಲ್ಲಿ ಅವರ ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿತ್ತು. ಒಂದೇ ಬೆರಳಿನಲ್ಲಿ ಎತ್ತಿದರೆ ಪರದೆ ಏಳಬೇಕು, ಬಿಟ್ಟಲ್ಲಿ ನಿಲ್ಲಬೇಕು, ಮುಚ್ಚಿದರೆ ಸದ್ದಾಗಬಾರದು: ಇದಕ್ಕಾಗಿ ಅವರು ಯೌವನವನ್ನೆಲ್ಲ ಸವೆಸಿದ್ದರು. ಅಂಗಡಿಗಳ ಮುಂದೆ ಹಾದುಹೋಗುವಾಗ ಒಳಗೆ ಯಾರಾದರೂ ಲ್ಯಾಪ್‌ಟಾಪ್ ತೆರೆಯುತ್ತಿದ್ದರೆ ನಿಂತು ನೋಡುತ್ತಿದ್ದರು. ಪರದೆ ಮೆಲ್ಲಗೆ ಎದ್ದು ನಿಂತರೆ ಅವರ ಹೊಟ್ಟೆ ತಣ್ಣಗಾಗುತ್ತಿತ್ತು.

ಈ ವರ್ಷದ ಮಾದರಿ ತೂರಲಿಲ್ಲ.

ನಿರ್ದೇಶಕರ ಆಪ್ತ ಸಹಾಯಕರು ಮೊಣಕಾಲೂರಿ ತಳ್ಳಿದರು. ಕೀಲಿನವರು ಅವರ ಪಕ್ಕ ಕೂತು ತಳ್ಳಿದರು. ಒಂದು ಮೂಲೆ ಒಳಗೆ ಹೋಗಿ ಅಲ್ಲೇ ಕಚ್ಚಿಕೊಂಡಿತು. ಯಾಕೋ ಅನುಮಾನ ಬಂದು ಕೀಲಿನವರು ಹೋದ ವರ್ಷ ಇದೇ ಬಾಗಿಲಲ್ಲಿ ಮಂಜೂರಾದ ಮಾದರಿಯನ್ನು ತರಿಸಿ ತಳ್ಳಿದರು. ಅದೂ ತೂರಲಿಲ್ಲ. ಅವರು ನೆಲದ ಮೇಲೆ ಬೋರಲು ಮಲಗಿ ಸಂದನ್ನು ನೋಡಿದರು, ಎದ್ದು ಬಾಗಿಲ ಮೇಲ್ತುದಿಯನ್ನು ನೋಡಿದರು. ಮೇಲಿನ ಕೀಲಿನ ಸ್ಕ್ರೂಗಳು ಸಡಿಲವಾಗಿ ಹೊರಗೆ ಬಂದಿದ್ದವು. ಬಾಗಿಲು ಒಂದು ಕಡೆ ಜೋತುಬಿದ್ದಿತ್ತು. ವರ್ಷವರ್ಷವೂ ಕೂದಲೆಳೆಯಷ್ಟು ಇಳಿಯುತ್ತಾ ಬಂದಿತ್ತು. ಇಷ್ಟು ಕಾಲ ಸಂಸ್ಥೆ ಸಾಧಿಸಿದ ಪ್ರಗತಿಯನ್ನೆಲ್ಲ ಈ ಸಡಿಲ ಸ್ಕ್ರೂಗಳೇ ಮಾಡಿದ್ದವು.

ಮಧ್ಯಾಹ್ನ ತುರ್ತು ಸಭೆ ಸೇರಿತು. ಕೀಲಿನವರು ಎದ್ದು ನಿಂತು, ಬಾಗಿಲು ಇಳಿದಿದೆ, ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ಹೇಳಿದರು. ಕಟ್ಟಡ ವಿಭಾಗದವರು, ಬಾಗಿಲು ಹಿಂದೆ ತಮ್ಮದಾಗಿದ್ದದ್ದು ನಿಜ, ಆದರೆ ಅದರಿಂದ ಕಂಪ್ಯೂಟರು ಅಳೆಯತೊಡಗಿದ ಮೇಲೆ ಅದು ಅಳತೆಯ ಉಪಕರಣವಾಯಿತು, ತಾವು ಅದನ್ನು ಒರೆಸುವುದನ್ನೂ ಬಿಟ್ಟಿದ್ದೇವೆ ಎಂದರು. ಗುಣಮಟ್ಟ ವಿಭಾಗದವರು, ಉಪಕರಣ ತಮ್ಮದೇ ಹೌದು, ಆದರೆ ಅದು ತಪ್ಪು ಅಳೆಯುತ್ತಿದೆ ಎನ್ನಬೇಕಾದರೆ ಅದನ್ನು ಅಳೆಯಲು ಇನ್ನೊಂದು ಬಾಗಿಲು ಬೇಕು, ಅಂಥ ಬಾಗಿಲು ಮಂಜೂರಾಗಿಲ್ಲ ಎಂದರು. ಆದ್ದರಿಂದ ಬಾಗಿಲು ಸರಿಯಾಗಿದೆ ಎಂದು ತೀರ್ಮಾನವಾಯಿತು. ಬಾಗಿಲು ಸರಿಯಿದ್ದ ಮೇಲೆ ಹೋದ ವರ್ಷದ ಕಂಪ್ಯೂಟರೇ ದಪ್ಪಗಾಗಿರಬೇಕು. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು:

"ಸಮಸ್ತ ಗ್ರಾಹಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ಹೋದ ವರ್ಷ ಖರೀದಿಸಿದ ಮನೆಸಂಗಾತಿಯು ಬಳಕೆಯ ಕಾರಣದಿಂದ ಊದಿಕೊಂಡಿರುವುದು ಪರೀಕ್ಷೆಯಲ್ಲಿ ದೃಢಪಟ್ಟಿರುತ್ತದೆ. ಸದರಿ ಬಳಕೆಯು ಗ್ರಾಹಕರ ಕಡೆಯಿಂದಲೇ ನಡೆದಿದ್ದರೂ ಸಂಸ್ಥೆಯು ಅದನ್ನು ಉದಾರವಾಗಿ ಮನ್ನಿಸಿದೆ. ಊದಿದ ಯಂತ್ರವನ್ನು ಒಪ್ಪಿಸಿ, ಹೊಸದನ್ನು ಪೂರ್ತಿ ಬೆಲೆಗೆ ಪಡೆಯುವ ಅವಕಾಶವನ್ನು ಎಲ್ಲರೂ ಸದುಪಯೋಗಪಡಿಸಿಕೊಳ್ಳತಕ್ಕದ್ದು."

ಮರುದಿನ ಬೆಳಿಗ್ಗೆ ಅಂಗಡಿಗಳ ಮುಂದೆ ಸಾಲು ನಿಂತಿತು. ಹೊಸದು ಇನ್ನೂ ಆಗಿರಲಿಲ್ಲ; ಆದರೂ ಜನ ಕೈಯಲ್ಲಿ ಹಳೆಯದನ್ನು ಹಿಡಿದು, ಜಾಸ್ತಿ ಬಳಸಿದ್ದು ನಮ್ಮದೇ ತಪ್ಪು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ತಾಳ್ಮೆಯಿಂದ ನಿಂತರು.

ಇನ್ನು ಹೊಸದನ್ನು ತೂರಿಸುವುದು ಹೇಗೆ? ಅದೂ ಹಿಂದಿನ ದಿನದ ಸಭೆಯಲ್ಲೇ ತೀರ್ಮಾನವಾಗಿತ್ತು. ಕೀಳಲು ಉಳಿದದ್ದು ಕೀಲೊಂದೇ. ಅದನ್ನು ತೆಗೆದರೆ ಪರದೆ ಒಂದು ಹಲಗೆ, ಕೀಲಿಮಣೆ ಒಂದು ಹಲಗೆ. ಒಂದರ ಹಿಂದೆ ಒಂದು ಸಲೀಸಾಗಿ ತೂರುತ್ತವೆ. ವಾರದೊಳಗೆ ಹಾಗೆ ಮಾಡತಕ್ಕದ್ದೆಂದೂ, ಕೀಲೇ ಇಲ್ಲದ ಮೇಲೆ ಕೀಲು ವಿಭಾಗದ ಅಗತ್ಯ ಕಾಣದೆಂದೂ ಆದೇಶವಾಗಿತ್ತು. ಸಭೆ ಮುಗಿದ ಮೇಲೆ ಅಡಾಪ್ಟರ್ ಮೇಡಂ ಕೀಲಿನವರ ಪಕ್ಕಕ್ಕೆ ಬಂದರು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಕೀಲನ್ನ ನಾನು ಚೆನ್ನಾಗಿ ನೋಡ್ಕೋತೀನಿ. ಮಖಮಲ್ಲಿನ ಡಬ್ಬಿ ಮಾಡಿಸ್ತೀನಿ," ಎಂದರು.

ಆ ಸಂಜೆ ಕೀಲಿನವರು ಮನೆಗೆ ಬಂದಾಗ ಮುಖ ಇಷ್ಟೇ ಇಷ್ಟಾಗಿತ್ತು. ಅವರ ಹೆಂಡತಿ ಬೇರೆಯವರ ಪ್ರಬಂಧಗಳನ್ನು ಮನೆಯಲ್ಲೇ ಟೈಪು ಮಾಡಿಕೊಡುವವರು. ನೌಕರರ ಮನೆಯಲ್ಲಿ ಸಂಸ್ಥೆಯ ಹೊಸ ಮಾದರಿಯೇ ಇರಬೇಕೆಂಬ ನಿಯಮವಿದ್ದುದರಿಂದ ಪ್ರಗತಿಯ ಪೆಟ್ಟು ಮೊದಲು ಬೀಳುತ್ತಿದ್ದದ್ದು ಅವರ ಬೆರಳಿಗೆ. ಅವರ ಲ್ಯಾಪ್‌ಟಾಪಿನ ಸುತ್ತ ಡಬ್ಬಿಗಳೂ ವಯರುಗಳೂ ಹರಡಿ, ಊಟದ ಮೇಜಿನಲ್ಲಿ ಊಟಕ್ಕೆ ಜಾಗವಿರಲಿಲ್ಲ. ಅವರು ಗಂಡನ ಕಥೆಯನ್ನೆಲ್ಲ ಟೈಪು ಮಾಡುತ್ತಲೇ ಕೇಳಿದರು.

"ಅಷ್ಟೇ ತಾನೇ? ನಾಳೆ ಒಂದು ಸ್ಕ್ರೂಡ್ರೈವರ್ ತಗೊಂಡು ಹೋಗಿ ಬಿಗಿ ಮಾಡಿ ಬನ್ನಿ," ಎಂದರು.

"ಅದು ನನ್ನ ವಿಭಾಗಕ್ಕೆ ಬರೋದಿಲ್ಲ ಕಣೇ."

"ಹೌದಾ? ನಮ್ಮ ಅಡುಗೆಮನೆ ಬಾಗಿಲು ಯಾವ ವಿಭಾಗಕ್ಕೆ ಬರುತ್ತೆ ರೀ? ವರ್ಷವಾಯ್ತು ನೆಲ ಕೆರೀತಾ ಇದೆ. ಊರಿಗೆಲ್ಲ ಕೀಲು ಮಾಡೋರ ಮನೆ ಇದು."

ಆ ಮಾತು ಕೀಲಿನವರ ಒಳಗೆಲ್ಲೋ ನಾಟಿತು. ಮರುದಿನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವರು ಕುರ್ಚಿಯೊಂದನ್ನು ಎಳೆದು, ಅದರ ಮೇಲೆ ಹತ್ತಿ, ನಿರ್ದೇಶಕರ ಬಾಗಿಲ ಸ್ಕ್ರೂಗಳನ್ನು ಕಚ್ಚುವವರೆಗೂ ಬಿಗಿದರು. ಬಾಗಿಲು ನಿಟ್ಟುಸಿರು ಬಿಟ್ಟು ಮೇಲೆದ್ದಿತು. ಈ ವರ್ಷದ ಮಾದರಿಯನ್ನು, ಕೀಲು ಸಮೇತ, ತಳ್ಳಿದರು: ಹೋಯಿತು. ಹೋದ ವರ್ಷದ್ದೂ ಹೋಯಿತು. ಗಾಜಿನ ಕಪಾಟಿನಲ್ಲಿ ನೆನಪಿಗೆಂದು ಇಟ್ಟಿದ್ದ ಮೊಟ್ಟಮೊದಲ ಲ್ಯಾಪ್‌ಟಾಪನ್ನು, ಸಿ.ಡಿ. ಬಾಯಿ, ಬ್ಯಾಟರಿ, ಉಬ್ಬು ಕೀಗಳು ಎಲ್ಲವೂ ಇದ್ದದ್ದನ್ನು, ತಂದು ತಳ್ಳಿದರು. ಅದೂ ಸರಕ್ಕನೆ ಒಳಗೆ ಹೋಗಿ ನಿರ್ದೇಶಕರ ಬೂಟಿಗೆ ತಗಲಿ ನಿಂತಿತು. ಕೀಲಿನವರಿಗೆ ಅಳು ಬಂತು. ಅಷ್ಟು ಸಂತೋಷ ಅವರಿಗೆ ಮದುವೆಯಲ್ಲೂ ಆಗಿರಲಿಲ್ಲ.

ಊಟ ಮುಗಿಸಿ ಬಂದವರು ಇದನ್ನು ಕಂಡು ಗಾಬರಿಯಾದರು. ಅಡಾಪ್ಟರ್ ಮೇಡಂ ಗೋಡೆ ಹಿಡಿದು ನಿಂತರು; ಎಲ್ಲವೂ ಮತ್ತೆ ಒಳಗೆ ಹೋಗುವುದಾದರೆ ಅವರ ಇಡೀ ಅಂತಸ್ತು ಎಲ್ಲಿಗೆ ಹೋಗಬೇಕು? ಬೀದಿಯಲ್ಲಿ ಸಾಲು ನಿಂತವರಿಗೆ, ನಿಮ್ಮದು ಊದಿಲ್ಲ, ಮನೆಗೆ ಹೋಗಿ ಎಂದು ಯಾವ ಬಾಯಲ್ಲಿ ಹೇಳುವುದು? ಪ್ರಗತಿಯನ್ನು ಹಿಂದಕ್ಕೆ ತಳ್ಳಿದ ಆರೋಪದ ಮೇಲೆ ಬಾಗಿಲ ಹೊರಗೇ ವಿಚಾರಣೆ ನಡೆಯಿತು. ಕೀಲಿನವರು ಕೈಕಟ್ಟಿ ನಿಂತರು. ಕೆಲಸ ಹೋಯಿತು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಹೆಂಡತಿಯ ನೋಯುವ ಬೆರಳುಗಳು ಕಣ್ಣಮುಂದೆ ಬಂದವು.

ಒಳಗಿನಿಂದ ನಿರ್ದೇಶಕರ ಧ್ವನಿ ಕೇಳಿಸಿತು.

"ಇಷ್ಟು ವರ್ಷ ಈ ಬಾಗಿಲು ತಾನಾಗಿಯೇ ಇಳೀತಾ ಇತ್ತು ಅಂತೀರಿ?"

"ಹೌದು ಸಾರ್."

"ಯಾರೂ ನೋಡ್ಕೊಳ್ಳೋರೇ ಇರಲಿಲ್ಲ?"

"ಇಲ್ಲ ಸಾರ್."

"ಎಂಥ ಬೇಜವಾಬ್ದಾರಿ ನೋಡಿ," ಎಂದರು ನಿರ್ದೇಶಕರು. "ಸಂಸ್ಥೆಯ ಮುಖ್ಯ ಕೆಲಸವನ್ನ ದೇವರ ಮೇಲೆ ಬಿಟ್ಟಿದ್ದೀವಿ."

ಬಾಗಿಲ ಅಡಿಯಿಂದ ಕಾಗದವೊಂದು ಹೊರಗೆ ಬಂತು. ಆಪ್ತ ಸಹಾಯಕರು ಅದನ್ನು ಗಟ್ಟಿಯಾಗಿ ಓದಿದರು. ಕೀಲು ವಿಭಾಗವನ್ನು ರದ್ದುಪಡಿಸಿ, ಬಾಗಿಲು ಮತ್ತು ಪ್ರಗತಿ ವಿಭಾಗವನ್ನು ಸ್ಥಾಪಿಸಲಾಗಿದೆ. ಅದರ ಮುಖ್ಯಸ್ಥರನ್ನಾಗಿ, ಕೀಲುಗಳ ವಿಷಯದಲ್ಲಿ ಆಳವಾದ ಅನುಭವವುಳ್ಳ ಕೀಲಿನವರನ್ನು, ಹೆಚ್ಚಿನ ಸಂಬಳದೊಂದಿಗೆ, ನಿವೃತ್ತಿಯವರೆಗೂ ನೇಮಿಸಲಾಗಿದೆ. ಪ್ರತಿವರ್ಷ ತೂರುಪರೀಕ್ಷೆಗೆ ಮುನ್ನ ಮೇಲಿನ ಸ್ಕ್ರೂಗಳನ್ನು ಒಂದು ಸುತ್ತು ಸಡಿಲಿಸತಕ್ಕದ್ದು. ಇವತ್ತು ಬಿಗಿದದ್ದನ್ನೆಲ್ಲ ಮೊದಲಿನಷ್ಟೇ ಸಡಿಲಿಸಿ, ಈ ವರ್ಷದ ಬಾಕಿಯನ್ನೂ ಈಗಲೇ ತೀರಿಸತಕ್ಕದ್ದು.

ಎಲ್ಲರೂ ಕೀಲಿನವರ ಕಡೆ ನೋಡಿದರು. ಯಾರೋ ಕುರ್ಚಿ ತಂದಿಟ್ಟರು. ಅವರು ಹತ್ತಿ ಸ್ಕ್ರೂವಿಗೆ ಸ್ಕ್ರೂಡ್ರೈವರನ್ನು ಇಟ್ಟರು. ಒಂದೇ ಬೆರಳಿಗೆ ಏಳುತ್ತಿದ್ದ ತಮ್ಮ ಕೀಲು ನೆನಪಾಯಿತು. ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ಆಮೇಲೆ ನಿವೃತ್ತಿಯವರೆಗೂ ಎಂಬ ಮಾತು ನೆನಪಾಯಿತು. ತಿರುಗಿಸಿದರು. ಬಾಗಿಲು ನರಳಿ ಕೆಳಗಿಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಕೈಯಿಂದಲೇ ಹೊಸ ಮಾದರಿಯ ಕೀಲು ಕಳಚಿ, ಎರಡು ಹಲಗೆಗಳನ್ನು ಒಂದರ ಹಿಂದೆ ಒಂದು ತೂರಿಸಿದಾಗ ಒಳಗಿನಿಂದ "ಭೇಷ್" ಎಂದು ಕೇಳಿಸಿತು. ಮಖಮಲ್ಲಿನ ಡಬ್ಬಿಯಲ್ಲಿಟ್ಟ ಮೊದಲ ಕೀಲನ್ನು ಅಡಾಪ್ಟರ್ ಮೇಡಂ ಅವರಿಗೇ, ನೌಕರರ ರಿಯಾಯಿತಿ ದರದಲ್ಲಿ, ಮಾರಿದರು. ಅವರು ವಂದನೆ ಹೇಳಿ ಕೊಂಡರು.

ವಾರ ಕಳೆಯುವುದರೊಳಗೆ ಹೊಸ ಮನೆಸಂಗಾತಿ ಮನೆಗೂ ಬಂತು. ಹೆಂಡತಿ ಪರದೆಯ ಹಲಗೆಯನ್ನು ನೀರಿನ ಬಿಂದಿಗೆಗೆ ಒರಗಿಸಿ ನಿಲ್ಲಿಸಿದರು, ಅದು ಜಾರಿತು. ಮತ್ತೆ ನಿಲ್ಲಿಸಿದರು, ಮತ್ತೆ ಜಾರಿತು. ಕೀಲಿನವರು ಮಖಮಲ್ಲಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರೊಳಗಿನ ಕೀಲು ಹೊಸ ಮಾದರಿಗೆ ಕೂರುವುದಿಲ್ಲ, ಕೂರಿಸುವ ಪಟ್ಟಿ ಬೇರೆ ಬರುತ್ತದೆ, ಅದಕ್ಕೆ ಬೇರೆ ದುಡ್ಡು ಎಂದು ವಿವರಿಸಿದರು. ತಮಗಾದ ಬಡ್ತಿಯ ವಿಷಯವನ್ನೂ, ಬಾಗಿಲ ವಿಷಯವನ್ನೂ ಒಂದೂ ಬಿಡದೆ ಹೇಳಿದರು. ಹೆಂಡತಿ ಪೂರ್ತಿ ಕೇಳಿದರು. ಎದ್ದು ಅಡುಗೆಮನೆಗೆ ಹೋಗಿ, ಆ ಕೆರೆಯುವ ಬಾಗಿಲನ್ನು ಎಳೆದು ಮುಚ್ಚಿಕೊಂಡರು.

ಕೀಲಿನವರು ಕೈ ತೊಳೆದು ಕೂತರು. ಸ್ವಲ್ಪ ಹೊತ್ತಿಗೆ ಬಾಗಿಲ ಅಡಿಯಿಂದ, ಇನ್ನೂ ಸಂದು ಉಳಿದಿದ್ದ ಕಡೆಯಿಂದ, ತಟ್ಟೆಯೊಂದು ಮೆಲ್ಲಗೆ ಹೊರಗೆ ಬಂತು. ಊಟವನ್ನು ಸವರಿ ಸವರಿ ಚಪ್ಪಟೆ ಮಾಡಿದ್ದರು.

"ನೀರು?" ಎಂದು ಕೇಳಿದರು ಕೀಲಿನವರು.

"ಲೋಟ ತೂರಲ್ಲ," ಎಂದಿತು ಒಳಗಿನ ಧ್ವನಿ. "ಅದು ಬೇರೆ ಬರುತ್ತೆ."

ಕೀಲಿನವರು ಬಗ್ಗಿ, ಸಂದಿಗೆ ಬೆರಳಿಟ್ಟು ನೋಡಿದರು. ಈ ಬಾಗಿಲೂ ಇಳಿಯುತ್ತಿತ್ತು, ಯಾರ ಸಹಾಯವೂ ಇಲ್ಲದೆ, ಒಳ್ಳೆಯ ವೇಗದಲ್ಲಿ. ಬರುವ ವರ್ಷ ತಟ್ಟೆಯ ಅಂಚು ತೆಗೆಸಬೇಕಾದೀತು ಎಂದುಕೊಂಡರು. ಗಂಟಲು ಒಣಗಿತ್ತು, ಆದರೂ ನೆಲದ ಮೇಲೆ ಕೂತು, ತೂರಿ ಬಂದಷ್ಟನ್ನು ಪೂರ್ತಿ ಉಂಡು, ತಟ್ಟೆಯನ್ನು ಅದೇ ಸಂದಿನಿಂದ ವಾಪಸು ತಳ್ಳಿದರು.