ಬಚ್ಚಲುಮನೆಯ ಸಂಶೋಧನೆ

ಗಂಡಸರಿಗೆ ಏನಾದರೊಂದು ಹುಚ್ಚು ಇರಲೇಬೇಕು ಎಂಬುದನ್ನು ನಾನು ಮದುವೆಯಾದ ಹೊಸದರಲ್ಲೇ ಒಪ್ಪಿಕೊಂಡುಬಿಟ್ಟಿದ್ದೆ. ಒಬ್ಬರಿಗೆ ಇಸ್ಪೀಟು, ಒಬ್ಬರಿಗೆ ರಾಜಕೀಯ, ಎದುರುಮನೆಯವರಿಗೆ ಹಳೆಯ ಸ್ಕೂಟರನ್ನು ಬಿಚ್ಚಿ ಮತ್ತೆ ಜೋಡಿಸುವುದು. ನನ್ನ ತಕರಾರು ಇಷ್ಟೇ: ಅವರೆಲ್ಲರ ಹುಚ್ಚು ಮನೆಯಿಂದಾಚೆ ಇರುತ್ತಿತ್ತು, ನಮ್ಮ ಯಜಮಾನರದು ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಹಳೆಯ ಬಚ್ಚಲುಮನೆಯ ಟಬ್ಬುಗಳಲ್ಲಿ ಸಗಣಿ ಗೊಬ್ಬರ ತಿಂದುಕೊಂಡು ದಿನೇ ದಿನೇ ದಪ್ಪವಾಗುತ್ತಿತ್ತು.

ಅವರು ತಿಪಟೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟರು. ಬಿ.ಎಸ್ಸಿ. ಕೊನೆಯ ವರ್ಷದ ಮಕ್ಕಳು ಏನಾದರೊಂದು ಸಂಶೋಧನೆ ಮಾಡಬೇಕು ಎಂದಾಗ, ಇಂಟರ್ನೆಟ್ಟಿನಿಂದ ನಾಲ್ಕು ಪುಟ ಇಳಿಸಿ ಬೈಂಡು ಹಾಕಿಸುವ ಸುಲಭದ ದಾರಿ ಇದ್ದೇ ಇತ್ತು. ಇವರು ಅದನ್ನು ಬಿಟ್ಟು ಇಬ್ಬರು ವಿದ್ಯಾರ್ಥಿಗಳ ಜೊತೆ ಹೊನ್ನವಳ್ಳಿಯ ತೋಟಗಳಲ್ಲಿ ತಿಪ್ಪೆ ಕೆದಕಲು ಹೋದರು. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಗೊತ್ತಲ್ಲ, ಅದರ ಮರಿಗಳು ಬೆಳೆಯುವುದು ತಿಪ್ಪೆಯಲ್ಲಿ. ಹೆಬ್ಬೆರಳಿನಷ್ಟು ದಪ್ಪ, ಬೆಳ್ಳಗೆ, ಸುರುಳಿ ಸುತ್ತಿಕೊಂಡು ಮಲಗಿರುತ್ತವೆ. ಗೊಬ್ಬರಕ್ಕೆ ಹೊಂಗೆ ಹಿಂಡಿ ಬೆರೆಸಿದರೆ ಅವು ದುಂಬಿಯಾಗುವ ಮೊದಲೇ ಸಾಯುತ್ತವೆಯೇ ಎಂಬುದು ಇವರ ಪ್ರಶ್ನೆ. ಕೆಲವು ಟಬ್ಬಿಗೆ ಬರೀ ಗೊಬ್ಬರ, ಕೆಲವಕ್ಕೆ ಹಿಂಡಿ ಬೆರೆಸಿದ ಗೊಬ್ಬರ. ಲ್ಯಾಬಿನಲ್ಲಿ ವಾಸನೆ ಎಂದು ಪ್ರಿನ್ಸಿಪಾಲರು ಮೂಗು ಮುಚ್ಚಿಕೊಂಡಿದ್ದರಿಂದ ಅವೆಲ್ಲ ನಮ್ಮ ಮನೆಗೆ ಬಂದವು. "ನಮ್ಮನೇಲಿ ಯಾರಿಗೂ ಮೂಗಿಲ್ವೇನ್ರೀ?" ಎಂದು ಕೇಳಿದೆ. "ಸ್ವಲ್ಪ ದಿನ ಸುಮ್ನಿರು, ಮಕ್ಕಳ ಭವಿಷ್ಯ ಕಣೇ" ಎಂದರು. ಯಾವ ಮಕ್ಕಳದು, ವಿದ್ಯಾರ್ಥಿಗಳದೋ ಹುಳುಗಳದೋ ಎಂದು ಬಿಡಿಸಿ ಹೇಳಲಿಲ್ಲ.

ಆ ಸ್ವಲ್ಪ ದಿನ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಬೆಳಿಗ್ಗೆ ಕಾಲೇಜಿಗೆ ಹೋದವರು ಸ್ಟಾಫ್ ರೂಮಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಯವರು ನೋಡುವಂಥದ್ದೇನೂ ಉಳಿದಿರಲಿಲ್ಲ. ಅಂದು ಹೊರಡುವಾಗ ನಾನು ಅವರಿಗೆ ಹೇಳಿದ ಕೊನೆಯ ಮಾತು, "ಭಾನುವಾರದೊಳಗೆ ಆ ಟಬ್ಬು ಎತ್ತಿಸ್ಲಿಲ್ಲ ಅಂದ್ರೆ ನಾನೇ ತಿಪ್ಪೆಗೆ ಸುರಿದು ಬತ್ತೀನಿ" ಎಂಬುದು. ಬೇರೆ ಹೆಂಗಸರು ಕೊನೆಯ ಮಾತು ಅಂತ ಏನೇನೋ ನೆನೆಸಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದದ್ದು ಇದು.

ಮಣ್ಣು ಮಾಡಿ ಬಂದ ಮೇಲೆ ನಡುಮನೆಯ ಗೋಡೆಗೆ ಒರಗಿ ಕೂತವಳು ಕೂತೇ ಇದ್ದೆ. ಅಳು ಮಾತ್ರ ಬರಲೊಲ್ಲದು. ತುರುವೇಕೆರೆಯಿಂದ ಬಂದು ಮನೆ ವಹಿಸಿಕೊಂಡಿದ್ದ ನಾದಿನಿ ಗೌರಮ್ಮ, "ಅತ್ಬುಡು ಅತ್ತಿಗೆ, ಹಿಂಗೆ ಕಲ್ಲಂಗೆ ಕೂರಬ್ಯಾಡ" ಎಂದು ಬೇಡಿಕೊಂಡಳು. ಬಂದ ನೆಂಟರೆಲ್ಲ ಒಂದೊಂದು ಕಥೆ ಹೇಳಿ ನನ್ನನ್ನು ಅಳಿಸಲು ನೋಡಿ, ಕಡೆಗೆ ತಾವೇ ಅತ್ತು ಕಾಫಿ ಕುಡಿದು ಹೋದರು.

ಆಗ ಬಂದವರು ಆ ಇಬ್ಬರು ವಿದ್ಯಾರ್ಥಿಗಳು. ಹೊನ್ನವಳ್ಳಿಯ ಸಹನಾ, ಅವಳ ಸಹಪಾಠಿ ನಂದೀಶ. ಸಹನಾ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಕ್ಕಿದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿ, "ಆಂಟಿ, ತಪ್ಪು ತಿಳ್ಕೋಬೇಡಿ... ಹುಳಕ್ಕೆ ಯಾರಾದ್ರೂ ನೀರು ಚಿಮುಕಿಸಿದ್ರಾ?" ಎಂದು ಪಿಸುಗುಟ್ಟಿದಳು. ಗೌರಮ್ಮನಿಗೆ ಕೇಳಿಸಿಬಿಟ್ಟಿತು. "ಏನ್ ಹುಡ್ಗಿಯಮ್ಮ ನೀನು, ಸಾವಿನ ಮನೇಲಿ ಹುಳದ ಯೋಗಕ್ಷೇಮ ವಿಚಾರಿಸ್ತೀಯಲ್ಲ!" ಎಂದು ಹರಿಹಾಯ್ದಳು. ಹುಡುಗಿಯ ಮುಖ ಸಪ್ಪಗಾಯಿತು. ಊಟಕ್ಕೆ ಕರೆದರೂ ಏಳದಿದ್ದ ನಾನು ಅದೇಕೋ ಎದ್ದೆ. ಬಚ್ಚಲುಮನೆಗೆ ಹೋಗಿ ನೋಡಿದರೆ ಗೊಬ್ಬರ ಒಣಗಿ ಬಿರುಕು ಬಿಟ್ಟಿತ್ತು. ಬೆರಳಿನಿಂದ ಕೆದಕಿದೆ. ಒಂದು ಹುಳು ನಿಧಾನವಾಗಿ ಮಗ್ಗುಲು ಬದಲಿಸಿತು. "ಬದುಕಿದೆ ಕಣೇ" ಎಂದೆ. ಆ ವಾರದಲ್ಲಿ ಆ ಮನೆಯಲ್ಲಿ ಯಾರೂ ಆಡದಿದ್ದ ಮಾತು ಅದು.

ಕಾಲೇಜಿನವರು ಕೊಟ್ಟ ಹೊಸ ಗೈಡು, "ಆ ಹುಳದ ಸಹವಾಸ ಬಿಡಿ, ಬೇರೆ ಏನಾದರೂ ತಗೊಳ್ಳಿ" ಎಂದರಂತೆ. "ಸಾರ್ ಶುರು ಮಾಡಿದ್ದು, ನಾವೇ ಮುಗಿಸ್ತೀವಿ ಆಂಟಿ, ನೀವು ಜಾಗ ಕೊಟ್ರೆ ಸಾಕು" ಎಂದಳು ಸಹನಾ. ಅವರಿಗೆ ಬರಲಾಗುತ್ತಿದ್ದುದು ಭಾನುವಾರ ಮಾತ್ರ. ದಿನಾ ನೀರು ಚಿಮುಕಿಸಿ ನೋಡಿ ವಾಟ್ಸಾಪಿನಲ್ಲಿ ವರದಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಹೀಗೆ ಪಿಯುಸಿಯಲ್ಲಿ ಆರ್ಟ್ಸ್ ಓದಿ, ಜಿರಲೆ ಕಂಡರೆ ಕುರ್ಚಿ ಹತ್ತುವ ನಾನು ವಿಶ್ವವಿದ್ಯಾಲಯದ ಸಂಶೋಧನೆಗೆ ಇಳಿದೆ. ಸಾರು ಬಡಿಸುವ ಸೌಟೊಂದು ಶಾಶ್ವತವಾಗಿ ವಿಜ್ಞಾನಕ್ಕೆ ಸೇರಿತು. "ಇವತ್ತು ಎಲ್ಲರೂ ಆರಾಮಾಗಿದ್ದಾರೆ" ಎಂದು ನಾನು ಬರೆದರೆ, "ಆಂಟಿ, ಎಲ್ಲರೂ ಅಲ್ಲ, ಎಲ್ಲವೂ ಅಂತ ಬರೀರಿ" ಎಂದು ನಂದೀಶ ತಿದ್ದುತ್ತಿದ್ದ. ಕನ್ನಡ ವ್ಯಾಕರಣ ನನಗೂ ಗೊತ್ತಿತ್ತು. ಆದರೆ ದಿನಾ ಬೆಳಿಗ್ಗೆ ಎದ್ದು ಮಾತಾಡಿಸುವವರನ್ನು ನಪುಂಸಕಲಿಂಗದಲ್ಲಿ ಬರೆಯಲು ಕೈ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಿಂಡಿಯ ಟಬ್ಬಿನಲ್ಲಿ ಒಂದು ಹುಳು ಕಪ್ಪಗಾಗಿ ಮೆತ್ತಗೆ ಬಿದ್ದಿತ್ತು. ಸಂಶೋಧನೆಯ ಲೆಕ್ಕದಲ್ಲಿ ಅದು ಶುಭವಾರ್ತೆ. ನಾನು ಸೌಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತು ಅತ್ತೆ. ಅಷ್ಟು ದಿನ ಎಲ್ಲಿತ್ತೋ, ಬಂದದ್ದು ನಿಲ್ಲಲೇ ಇಲ್ಲ. ಓಡಿ ಬಂದ ಗೌರಮ್ಮ ನನ್ನನ್ನೂ ಸೌಟನ್ನೂ ನೋಡಿ, "ನಮ್ಮಣ್ಣ ಹೋದಾಗ ಒಂದು ಹನಿ ಹಾಕ್ದೇ ಇದ್ದೋಳು ಹುಳ ಸತ್ತಿದ್ದಕ್ಕೆ ಹಿಂಗೆ ಅಳ್ತೀಯಲ್ಲ ಅತ್ತಿಗೆ!" ಎಂದಳು. ಹೇಳಿದ ಮೇಲೆ ಅವಳಿಗೇ ಏನೋ ಹೊಳೆದಿರಬೇಕು. ಪಕ್ಕದಲ್ಲಿ ಕೂತು ಅವಳೂ ಶುರುಮಾಡಿದಳು. ಅಂದು ನಾನು ಕಳಿಸಿದ ವರದಿ ಒಂದೇ ಪದ: "ಹೋಯ್ತು". ಸಹನಾಳ ಉತ್ತರ ಬಂತು: "ಒಳ್ಳೇ ರಿಸಲ್ಟು ಆಂಟಿ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: "ನಂಗೂ ಬೇಜಾರಾಯ್ತು."

ಹಿಂಡಿಯ ಟಬ್ಬಿನವು ಒಂದೊಂದಾಗಿ ಹೋದವು. ಬರೀ ಗೊಬ್ಬರದವು ಕೋಶ ಕಟ್ಟಿಕೊಂಡು ದುಂಬಿಗಳಾದವು. ಪ್ರಾಜೆಕ್ಟ್ ಒಪ್ಪಿಸಲು ತುಮಕೂರಿಗೆ ಹೋಗುವಾಗ ಮಕ್ಕಳು ನನ್ನನ್ನೂ ಹೊರಡಿಸಿದರು. ಸಹನಾ ಮೊದಲು ಸಾರ್ ಫೋಟೋ ತೋರಿಸಿ, ಆಮೇಲೆ ಎಲ್ಲೂ ತಡವರಿಸದೆ ಎಲ್ಲ ಹೇಳಿದಳು. ಪರೀಕ್ಷಕರು ತಲೆದೂಗಿ, ಒಂದೇ ಪ್ರಶ್ನೆ ಕೇಳಿದರು: "ಎಲ್ಲಾ ಟಬ್ಬಿಗೂ ನೀರು ಒಂದೇ ಸಮ ಹಾಕಿದ್ರೇನಮ್ಮ?"

"ಹೌದು ಸಾರ್" ಎಂದಳು, ಧೈರ್ಯವಾಗಿ.

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಪರದೆಯ ಮೇಲೆ ನಮ್ಮ ಯಜಮಾನರ ಹೆಸರಿತ್ತು. ಎದ್ದು ನಿಂತೆ. "ಇಲ್ಲ ಸಾರ್. ಹಿಂಡಿ ಟಬ್ಬಿಗೆ ನಾನು ಜಾಸ್ತಿ ಹಾಕ್ತಿದ್ದೆ. ಈ ಮಕ್ಕಳಿಗೆ ಗೊತ್ತಿಲ್ಲ."

ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಗಾದ್ರೆ ಹಿಂಡಿಗೆ ಸತ್ತವೋ ನೀರಿಗೆ ಸತ್ತವೋ ಹೇಳಕ್ಕಾಗಲ್ಲಮ್ಮ" ಎಂದರು, ಬೈಯದೆ. "ಅದನ್ನೇ ರಿಪೋರ್ಟಲ್ಲಿ ಬರೀರಿ" ಎಂದು ಸಾಧಾರಣ ಅಂಕ ಕೊಟ್ಟು ಕಳಿಸಿದರು.

ವಾಪಸು ರೈಲಿನಲ್ಲಿ ಗುಬ್ಬಿ ಸ್ಟೇಷನ್ ದಾಟುವ ತನಕ ಸಹನಾ ಕಿಟಕಿಯ ಆಚೆ ನೋಡುತ್ತಿದ್ದಳು. ಆಮೇಲೆ ತಿರುಗದೆಯೇ ಕೇಳಿದಳು, "ಯಾಕೆ ಆಂಟಿ ಜಾಸ್ತಿ ಹಾಕಿದ್ರಿ?"

"ಅವು ಸಾಯೋವು ಅಂತ ಗೊತ್ತಿತ್ತಲ್ಲಮ್ಮ" ಎಂದೆ. "ನಿಮ್ಮ ಸಾರ್ ಸ್ಟಾಫ್ ರೂಮಲ್ಲಿ ನೀರು ಕೇಳಿದ್ರಂತೆ. ತರೋ ಅಷ್ಟರಲ್ಲಿ ಆಗೋಗಿತ್ತಂತೆ. ಇವಾದ್ರೂ ಬಾಯಾರ್ಕೊಂಡು ಹೋಗ್ಬಾರ್ದು ಅಂತ..."

ಸಹನಾ ನನ್ನ ಭುಜಕ್ಕೆ ತಲೆಯಿಟ್ಟು ತಿಪಟೂರು ಬರುವ ತನಕ ಹಾಗೇ ಇದ್ದಳು. ನಂದೀಶ ಎದುರು ಸೀಟಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದ.

ಈ ವರ್ಷ ಹೊನ್ನವಳ್ಳಿ ಕಡೆಯ ಮತ್ತಿಬ್ಬರು ಹುಡುಗಿಯರು ಗೇಟಿನ ಹತ್ತಿರ ಬಂದು ನಿಂತರು. ಅದೇ ಪ್ರಯೋಗವನ್ನು ಸರಿಯಾಗಿ ಮತ್ತೆ ಮಾಡುತ್ತಾರಂತೆ. "ಸಹನಕ್ಕ ಕಳಿಸಿದ್ರು ಆಂಟಿ. ನೀವು ಬಚ್ಚಲುಮನೆ ಕೊಡ್ತೀರಿ, ಎಲ್ಲಾ ಚೆನ್ನಾಗಿ ನೋಡ್ಕೊಳ್ತೀರಿ ಅಂದ್ರು."

ಹಿಗ್ಗಿ, "ಇನ್ನೇನಂದ್ಲು?" ಎಂದು ಕೇಳಿದೆ. ಕೇಳಬಾರದಿತ್ತು. ಅವರು ಮುಖ ಮುಖ ನೋಡಿಕೊಂಡರು. ಚಿಕ್ಕವಳು ಬಾಯಿಬಿಟ್ಟಳು: "ನೀರು ಹಾಕೋ ಕೆಲಸ ಮಾತ್ರ ಆಂಟಿಗೆ ಕೊಡ್ಬೇಡಿ ಅಂದ್ರು."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಳಗೆ ಕರೆದು ಬಚ್ಚಲುಮನೆಯ ಬೀಗ ತೆಗೆದುಕೊಟ್ಟೆ. ವಿಜ್ಞಾನಿಯಾಗಿ ನನ್ನ ಯೋಗ್ಯತೆ ಏನೆಂಬುದು ಆಗಲೇ ಹೊನ್ನವಳ್ಳಿಯವರೆಗೂ ಹಬ್ಬಿದೆ ಎಂದಾಯಿತು.